ಬಲಗೈಗೆ ಓಣಿ, ಎಡಗೈಗೆ ಎಂಟಡಿ

ನ್ಯಾಮತಿ
12 ನವೆಂಬರ್ 1985

ಅಣ್ಣ ಷಣ್ಮುಖಪ್ಪನಿಗೆ ತಂಗಿ ಶಿವಗಂಗಮ್ಮನ ನಮಸ್ಕಾರ. ಇಲ್ಲಿ ಎಲ್ಲರೂ ಗಟ್ಟಿಮುಟ್ಟಾಗಿದ್ದೇವೆ. ಅತ್ತಿಗೆಯ ಮೊಣಕಾಲು ಈಗ ಹೇಗಿದೆ, ಮರೆಯದೆ ಬರೆ.

ವಿಷಯ ಏನೆಂದರೆ, ನಾನು ಕೋರ್ಟಿಗೆ ಹೋಗಿದ್ದೇನೆ. ಗಾಬರಿಯಾಗಬೇಡ, ಗೆಲ್ಲುವವಳು ನಾನೇ.

ಹಿಟ್ಟಿನ ಗಿರಣಿ ಹಾಕಬೇಕು ಅಂತ ಎರಡು ವರ್ಷದಿಂದ ಬಡಕೊಳ್ಳುತ್ತಿದ್ದೆನಲ್ಲ, ಈ ಸಲ ನಮ್ಮ ಮನೆಯವರು ಹೂಂ ಅಂದರು. ಕರೆಂಟಿನವರು ಜಾಗದ ಕಾಗದ ಕೇಳಿದರು. ಟ್ರಂಕಿನ ತಳದಲ್ಲಿದ್ದ ಕ್ರಯಪತ್ರ ತೆಗೆದೆ. ಜಂಪಣ್ಣನವರಿಂದ ಈ ಮನೆ ಕೊಂಡಾಗ, 1974ರಲ್ಲಿ, ನೀನೇ ಹೊನ್ನಾಳಿ ಕಚೇರಿಯಲ್ಲಿ ಕೂತು ಬರೆದ ಪತ್ರ. ಮುತ್ತಿನಂಥ ಅಕ್ಷರ. ಓದಿ ನೋಡಿದರೆ ಏನಿದೆ ಗೊತ್ತಾ? 'ಪೂರ್ವಕ್ಕೆ ಬೀದಿ, ಪಶ್ಚಿಮಕ್ಕೆ ಬೀದಿ, ಉತ್ತರಕ್ಕೆ ಇದೇ ಮನೆಗೆ ಸೇರಿದ ಎಂಟು ಅಡಿ ಸ್ವಂತ ಖಾಲಿ ಜಾಗ, ದಕ್ಷಿಣಕ್ಕೆ ಸಾರ್ವಜನಿಕ ಓಣಿ.'

ಉತ್ತರದ ಆ ಎಂಟಡಿಯಲ್ಲೇ ಗೌಸ್‌ಪೀರ್ ಸಾಬರ ಮಂಡಕ್ಕಿ ಭಟ್ಟಿಯ ಬಾಗಿಲಿರುವುದು! ಅವರ ಭತ್ತದ ಗಾಡಿ, ಹೊಟ್ಟಿನ ಗಾಡಿ ಎಲ್ಲ ಬರುವುದು ಅಲ್ಲಿಂದಲೇ. ಇಷ್ಟು ದಿನ ನಾವು ಅದನ್ನು ಊರ ಓಣಿ ಅಂದುಕೊಂಡಿದ್ದೆವು. ನಮ್ಮದೇ ಜಾಗ ಅಂತ ಗೊತ್ತಾದ ಮೇಲೆ ಬೇಲಿ ಹಾಕಿಸಿದೆ. ಮಾರನೇ ದಿನ ಗೌಸ್‌ಪೀರ್ ಸಾಬರು ಕಿತ್ತು ಹಾಕಿದರು. "ನಮ್ಮಪ್ಪನ ಕಾಲದಿಂದ ಗಾಡಿ ಹೊಡದೀವಿ, ಈಗ ಬೇಲಿ ಅಂದ್ರೆ ಹೆಂಗಮ್ಮಾ?" ಅಂತ ನನ್ನ ಬಾಗಿಲಲ್ಲೇ ನಿಂತು ಕೂಗಾಡಿದರು. ನಾನು ಬಿಡುವವಳೇ? ಹೊನ್ನಾಳಿ ವಕೀಲರಲ್ಲಿಗೆ ಹೋದೆ. ದಾವಾ ಹಾಕಿ ತಡೆಯಾಜ್ಞೆಯೂ ಸಿಕ್ಕಿದೆ. ಈಗ ಆ ಜಾಗಕ್ಕೆ ಗಾಡಿ ಕಾಲಿಡುವ ಹಾಗಿಲ್ಲ.

ಒಂದು ತಮಾಷೆ ಕೇಳು. ದಕ್ಷಿಣದ್ದು ಸಾರ್ವಜನಿಕ ಓಣಿಯಾದರೆ, ಹನ್ನೊಂದು ವರ್ಷದಿಂದ ನಮ್ಮ ಎಮ್ಮೆ ಸರ್ಕಾರಿ ಓಣಿಯಲ್ಲಿ ಮೆಲುಕು ಹಾಕುತ್ತಿದೆ. ಒಬ್ಬರೂ ಕೇಳಿಲ್ಲ.

ನಿನ್ನ ತಂಗಿ
ಶಿವಗಂಗಮ್ಮ

ಜಗಳೂರು
21 ನವೆಂಬರ್ 1985

ಚಿ. ಸೌ. ಶಿವಗಂಗಮ್ಮಳಿಗೆ ಆಶೀರ್ವಾದಗಳು. ನಿನ್ನ ಕಾಗದ ಓದಿ ಎದೆ ಉಬ್ಬಿತು. ಅತ್ತಿಗೆಯ ಮೊಣಕಾಲು ಹಾಗೇ ಇದೆ, ಬಾಯಿ ಮಾತ್ರ ಚೆನ್ನಾಗಿ ಓಡಾಡುತ್ತಿದೆ.

ಇಪ್ಪತ್ತೆರಡು ವರ್ಷದಿಂದ ಲೈಸೆನ್ಸ್ ಇಟ್ಟುಕೊಂಡು ಕ್ರಯಪತ್ರ ಬರೆಯುತ್ತಿದ್ದೇನೆ. ಹೊನ್ನಾಳಿಯಲ್ಲಿ ಹನ್ನೆರಡು, ಜಗಳೂರಿನಲ್ಲಿ ಹತ್ತು. ನಾನು ನಾಲ್ಕು ಎಲ್ಲೆ ಹೇಳಿ ಬರೆದ ಒಂದು ಚಕ್ಕುಬಂದಿಯೂ ಈವರೆಗೆ ಕೋರ್ಟಿನಲ್ಲಿ ಬಿದ್ದಿಲ್ಲ. ಇಲ್ಲಿಯ ಸಬ್‌ರಿಜಿಸ್ಟ್ರಾರ್ ಕಚೇರಿಯ ಬೇವಿನ ಮರದಡಿ ಯಾರನ್ನಾದರೂ ಕೇಳು, "ಷಣ್ಮುಖಪ್ಪಾರು ಬರದ್ರೆ ಮುಗೀತು" ಎನ್ನುತ್ತಾರೆ.

ಜಂಪಣ್ಣನವರ ಪತ್ರ ನನಗೆ ನಿನ್ನೆ ಬರೆದಷ್ಟು ಚೆನ್ನಾಗಿ ನೆನಪಿದೆ. ಹಳ್ಳಿಯವರಿಗೆ ಉತ್ತರ, ದಕ್ಷಿಣ ಅಂದರೆ ತಲೆ ತಿರುಗುತ್ತದೆ. ಅದಕ್ಕೇ ನಾನು ದಿಕ್ಕು ಕೇಳುವುದಿಲ್ಲ. "ನಿಮ್ಮ ಹೊಸ್ತಿಲ ಮೇಲೆ ನಿಂತು ಬೀದಿ ಕಡೆ ಮುಖ ಮಾಡಿದೀರಿ ಅನ್ಕೊಳ್ರಿ. ಬಲಗೈಗೆ ಏನೈತೆ, ಎಡಗೈಗೆ ಏನೈತೆ?" ಎಂದು ಕೇಳುತ್ತೇನೆ. ಜಂಪಣ್ಣನವರು ಕಣ್ಣು ಮುಚ್ಚಿಕೊಂಡು ಎರಡೂ ಕೈ ಚಾಚಿ, "ಬಲಗೈಗೆ ಓಣಿ, ಎಡಗೈಗೆ ನಮ್ಮ ಸ್ವಂತ ಎಂಟಡಿ" ಎಂದರು. ದಿಕ್ಕು ಕೂಡಿಸಿ ಬರೆಯುವುದು ನನ್ನ ಕೆಲಸ. ಬರೆದಿದ್ದೇನೆ. ಅವರು ಈಗಿಲ್ಲ, ಆದರೆ ಅವರ ಮಾತು ನನ್ನ ಅಕ್ಷರದಲ್ಲಿದೆ.

ನೀನು ಒಂದು ಹೆಜ್ಜೆಯೂ ಹಿಂದೆ ಇಡಬೇಡ. ದಾವಾ ನಡೆಯುವಾಗ ಎದುರುಪಕ್ಷದವರ ಜೊತೆ ಮಾತು, ಕೊಡುಕೊಳ್ಳುವುದು ಏನೂ ಬೇಡ. ಗೌಸ್‌ಪೀರನ ಹೆಂಡತಿ ಸೈದಾಬೀ ಬಂದು ಕಣ್ಣೀರು ಹಾಕಿದರೂ ಕರಗಬೇಡ. ಸಾಕ್ಷಿಗೆ ಕರೆದರೆ ನಾನೇ ಬಂದು ಕಟಕಟೆಯಲ್ಲಿ ನಿಲ್ಲುತ್ತೇನೆ.

ಇಂತಿ
ಷಣ್ಮುಖಪ್ಪ

ನ್ಯಾಮತಿ
10 ಮಾರ್ಚ್ 1986

ಅಣ್ಣನಿಗೆ ನಮಸ್ಕಾರ.

ನಾಲ್ಕು ಸಲ ಹೊನ್ನಾಳಿಗೆ ಹೋಗಿ ಬಂದೆ, ನಾಲ್ಕು ಸಲವೂ ವಾಯಿದೆ. ಒಂದು ಸಲ ಅವರ ವಕೀಲರಿಗೆ ಜ್ವರ, ಒಂದು ಸಲ ನಮ್ಮ ವಕೀಲರ ಮನೆಯಲ್ಲಿ ಮದುವೆ. ಇನ್ನೆರಡು ಸಲ ಯಾಕೆ ಅಂತ ಯಾರೂ ಹೇಳಲಿಲ್ಲ. ಕೋರ್ಟಿನ ಜಗಲಿಯಲ್ಲಿ ಗೌಸ್‌ಪೀರ್ ಸಾಬರು ಆ ಕಂಬಕ್ಕೆ, ನಾನು ಈ ಕಂಬಕ್ಕೆ ಒರಗಿ ಕೂರುತ್ತೇವೆ. ಬೆಳಿಗ್ಗೆ ಒಂದೇ ಬಸ್ಸಿನಲ್ಲಿ ಹೋಗುತ್ತೇವೆ, ಸಂಜೆ ಒಂದೇ ಬಸ್ಸಿನಲ್ಲಿ ಬರುತ್ತೇವೆ, ಇಬ್ಬರೂ ಕಿಟಕಿಯಾಚೆ ನೋಡುತ್ತೇವೆ. ಕಂಡಕ್ಟರನಿಗೇ ನಗು.

ಭಟ್ಟಿ ಆರಿದೆ. ಗಾಡಿ ಬರದೆ ಭತ್ತವಿಲ್ಲ, ಹೊಟ್ಟಿಲ್ಲ, ಬೆಂಕಿ ಎಲ್ಲಿಂದ ಬರಬೇಕು? ಮೊದಲು ಬೆಳಗಿನ ನಾಲ್ಕಕ್ಕೇ ಮರಳು ಹುರಿಯುವ ಸದ್ದಿಗೆ ಎಚ್ಚರವಾಗುತ್ತಿತ್ತು. ಹಾಳಾದ್ದು, ನಿದ್ದೆಗೆಡಿಸುತ್ತೆ ಅಂತ ಬೈಯುತ್ತಿದ್ದೆ. ಈಗ ಆ ಸದ್ದಿಲ್ಲದೆಯೂ ನಾಲ್ಕಕ್ಕೇ ಎಚ್ಚರವಾಗುತ್ತದೆ, ಏನು ಮಾಡಲಿ? ಸೈದಾಬೀ ದಿನಾ ಮೊದಲ ಒಬ್ಬೆಯ ಬಿಸಿ ಮಂಡಕ್ಕಿ ಒಂದು ಸೇರು ಗೋಡೆ ಮೇಲಿಂದ ಕೊಡುತ್ತಿದ್ದಳು, ನಾನು ಆ ಪಾತ್ರೆಯಲ್ಲಿ ಮಜ್ಜಿಗೆ ತುಂಬಿ ಕೊಡುತ್ತಿದ್ದೆ. ಅವಳ ಪಾತ್ರೆ ನಮ್ಮ ಮನೆಯಲ್ಲೇ ಉಳಿದಿದೆ. ನೀನು ಕೊಡುಕೊಳ್ಳುವುದು ಬೇಡ ಅಂದೆಯಲ್ಲ, ಅದಕ್ಕೇ ಇಟ್ಟುಕೊಂಡಿದ್ದೇನೆ. ಭಟ್ಟಿಯ ಕೆಲಸದವರು ದಾವಣಗೆರೆಗೆ ಹೋದರಂತೆ. ಮಳೆಗಾಲದ ಹೊತ್ತಿಗೆ ಭಟ್ಟಿ ಮಾರಿಬಿಡುತ್ತಾರೆ ಅಂತಲೂ ಸುದ್ದಿ.

ನನಗೇನು? ಜಾಗ ನಮ್ಮದು. ಕಾಗದ ಇದೆ.

ಶಿವರಾತ್ರಿ ಮುಗಿಯಿತು, ಬಿಸಿಲು ಶುರುವಾಯಿತು. ಮಧ್ಯಾಹ್ನ ಮೂರರಿಂದ ಮುಂಬಾಗಿಲ ಜಗಲಿಯಲ್ಲಿ ಕೂರಲಾಗುವುದಿಲ್ಲ, ಮುಖಕ್ಕೇ ಹೊಡೆಯುತ್ತದೆ. ಗೋಣಿತಟ್ಟು ಕಟ್ಟಿಸಿದ್ದೇನೆ.

ಶಿವಗಂಗಮ್ಮ

ಜಗಳೂರು
19 ಮಾರ್ಚ್ 1986

ಚಿ. ಸೌ. ಶಿವಗಂಗಮ್ಮಳಿಗೆ,

ಈ ಕಾರ್ಡಿನಲ್ಲಿ ಹೆಚ್ಚು ಬರೆಯುವುದಿಲ್ಲ. ನಿನ್ನ ಮನೆಯ ಮುಂಬಾಗಿಲು ಯಾವ ದಿಕ್ಕಿಗಿದೆ? ಮರುಟಪಾಲಿಗೆ ತಿಳಿಸು. ವಿಶೇಷ ಏನಿಲ್ಲ, ಸುಮ್ಮನೆ ಕೇಳಿದೆ.

ಷಣ್ಮುಖಪ್ಪ

ನ್ಯಾಮತಿ
25 ಮಾರ್ಚ್ 1986

ಅಣ್ಣನಿಗೆ ನಮಸ್ಕಾರ.

ಪಡುವಣಕ್ಕೆ.

ಇದನ್ನು ಕೇಳಲು ಒಂದು ಕಾರ್ಡು ದಂಡ ಮಾಡಿದೆಯಾ? ಹತ್ತು ಸಲ ಬಂದು ಹೋಳಿಗೆ ಉಂಡು ಹೋದವನು! ಸಂಜೆ ಜಗಲಿಯಲ್ಲಿ ಕುರ್ಚಿ ಹಾಕಿದರೆ, "ಥೂ, ಬಿಸಿಲು" ಅಂತ ಗೋಡೆ ಕಡೆ ತಿರುಗಿಸಿಕೊಂಡು ಕೂರುತ್ತಿದ್ದೆ, ಮರೆತೆಯಾ? ನಮ್ಮ ತವರಿನಲ್ಲಿ, ನಿನ್ನ ಮನೆಯಲ್ಲಿ, ಎಲ್ಲ ಮೂಡಲ ಬಾಗಿಲೇ, ನನಗೊಬ್ಬಳಿಗೆ ಪಡುವಲ ಬಾಗಿಲು ಅಂತ ಗೃಹಪ್ರವೇಶದ ದಿನ ಅತ್ತಿಗೆ ಮೂಗು ಮುರಿದಿದ್ದಳು. ಅವಳನ್ನೇ ಕೇಳಿದ್ದರೆ ಹೇಳುತ್ತಿದ್ದಳು.

ವಯಸ್ಸಾಯಿತು ನಿನಗೆ. ಬೆಳಿಗ್ಗೆ ನೆನೆಸಿದ ಬಾದಾಮಿ ತಿನ್ನು.

ಶಿವಗಂಗಮ್ಮ

ಜಗಳೂರು
2 ಜುಲೈ 1986

ಚಿ. ಸೌ. ಶಿವಗಂಗಮ್ಮಳಿಗೆ ಆಶೀರ್ವಾದಗಳು.

ಮೂರು ತಿಂಗಳು ಬರೆಯಲಾಗಲಿಲ್ಲ. ಕೆಲಸವಿತ್ತು. ಆರೋಗ್ಯವೂ ಅಷ್ಟಕ್ಕಷ್ಟೇ.

ಕಳೆದ ವಾರ ಒಂದು ಸಾಕ್ಷಿಗೆಂದು ಚನ್ನಗಿರಿಗೆ ಹೋಗಿದ್ದೆ. ಅಲ್ಲಿ ಜನತಾ ನ್ಯಾಯಾಲಯ ಅಂತ ನಡೆಯಿತು. ಕೋರ್ಟಿನ ಅಂಗಳದಲ್ಲಿ ಶಾಮಿಯಾನ ಹಾಕಿ, ನಿವೃತ್ತ ಜಡ್ಜ್ ಒಬ್ಬರು, ಇನ್ನಿಬ್ಬರು ದೊಡ್ಡವರು ಕೂತಿದ್ದರು. ಕಟಕಟೆ ಇಲ್ಲ, ಸವಾಲು ಜವಾಬು ಇಲ್ಲ. ವಾದಿ, ಪ್ರತಿವಾದಿ ಇಬ್ಬರನ್ನೂ ಎದುರಿಗೆ ಕೂರಿಸಿಕೊಂಡು ಮಾತಾಡಿಸುತ್ತಾರೆ. ಇಬ್ಬರೂ ಒಪ್ಪಿದರೆ ರಾಜಿ ಬರೆದು ಸಹಿ, ಅದನ್ನೇ ಕೋರ್ಟು ಡಿಕ್ರಿ ಮಾಡುತ್ತದೆ. ಒಪ್ಪದಿದ್ದರೆ ಬಲವಂತವಿಲ್ಲ. ಉಬ್ರಾಣಿಯ ಅಣ್ಣತಮ್ಮಂದಿರ ಬಾವಿಯ ವ್ಯಾಜ್ಯ, ಹನ್ನೆರಡು ವರ್ಷದ್ದು, ಊಟದ ಹೊತ್ತಿಗೆ ಮುಗಿಯಿತು. ಇಬ್ಬರೂ ಒಂದೇ ಎಲೆಅಡಿಕೆ ಚೀಲಕ್ಕೆ ಕೈ ಹಾಕಿದ್ದನ್ನು ಕಣ್ಣಾರೆ ಕಂಡೆ.

ಹೊನ್ನಾಳಿಯಲ್ಲೂ ಸೆಪ್ಟೆಂಬರಿನಲ್ಲಿ ನಡೆಸುತ್ತಾರಂತೆ. ನಿನ್ನ ದಾವಾ ಅಲ್ಲಿಗೆ ಕೊಡು. ಗೌಸ್‌ಪೀರ್ ಹಳೆಯ ನೆರೆಯವನು. ಜಾಗ ಎಂಟಡಿ ತಾನೇ. ಬಿಟ್ಟು ಕೊಟ್ಟರೂ ನಷ್ಟವಿಲ್ಲ. ಹೆಚ್ಚು ವಿವರ ಕೇಳಬೇಡ.

ಷಣ್ಮುಖಪ್ಪ

ನ್ಯಾಮತಿ
11 ಜುಲೈ 1986

ಅಣ್ಣನಿಗೆ,

ನಿನ್ನ ಕಾಗದ ಓದಿ ಮೈಯೆಲ್ಲ ಉರಿಯಿತು. ಒಂದು ಹೆಜ್ಜೆಯೂ ಹಿಂದೆ ಇಡಬೇಡ ಅಂದವನು ಯಾರು? ಸೈದಾಬೀ ಅತ್ತರೂ ಕರಗಬೇಡ ಅಂದವನು ಯಾರು? ನಿನ್ನ ಮಾತು ಕೇಳಿ ಎಂಟು ತಿಂಗಳು ಆ ಹೆಂಗಸಿನ ಮುಖ ನೋಡಿಲ್ಲ. ಮೊನ್ನೆ ಅವಳ ಮಗಳು ಮಜೀದಾಳಿಗೆ ಗಂಡು ಹುಟ್ಟಿತು, ತೊಟ್ಟಿಲಿಗೆ ಹೋಗಲಿಲ್ಲ. ಈಗ ಎಂಟಡಿ ತಾನೇ ಅನ್ನುತ್ತೀಯಾ!

ಯಾರು ನಿನ್ನ ಕಿವಿ ಊದಿದರು? ಗೌಸ್‌ಪೀರ್ ಸಾಬರ ಬೀಗರು ಜಗಳೂರಿನಲ್ಲಿದ್ದಾರೆ ಅಂತ ಕೇಳಿದ್ದೇನೆ. ನಿನ್ನ ಬೇವಿನ ಮರದ ಹತ್ತಿರ ಬಂದು ಹಲ್ಲು ಗಿಂಜಿದರೋ? ಅಥವಾ ಸಾಕ್ಷಿ ಹೇಳಲು ಹೆದರಿಕೆಯೋ? ಬರಲು ಇಷ್ಟವಿಲ್ಲದಿದ್ದರೆ ಇಲ್ಲ ಅನ್ನು. ರಾಜಿ ಪಾಜಿ ಅಂತ ಸುತ್ತಿ ಬಳಸಿ ಬರೆಯಬೇಡ. ನೀನು ಹೀಗೆ ಮುಖ ತಿರುಗಿಸುತ್ತೀಯಾ ಅಂತ ನಾನು ಅಂದುಕೊಂಡಿರಲಿಲ್ಲ. ತುಂಬ ಬೇಜಾರಾಗಿದೆ.

ನೀನು ಬರದಿದ್ದರೂ ನಾನು ಗೆಲ್ಲುತ್ತೇನೆ.

ಶಿವಗಂಗಮ್ಮ

ನ್ಯಾಮತಿ
30 ಆಗಸ್ಟ್ 1986

ಅಣ್ಣನಿಗೆ,

ಜನತಾ ನ್ಯಾಯಾಲಯಕ್ಕೆ ಒಪ್ಪಿ ಅರ್ಜಿ ಕೊಟ್ಟಿದ್ದೇನೆ. ಸೆಪ್ಟೆಂಬರ್ ಇಪ್ಪತ್ತು, ಶನಿವಾರ.

ನೀನು ಬರಬೇಡ. ಸಾಕ್ಷಿಗೂ ಬೇಡ, ನೋಡಲಿಕ್ಕೂ ಬೇಡ. ನನ್ನ ವ್ಯಾಜ್ಯ, ನಾನು ನೋಡಿಕೊಳ್ಳುತ್ತೇನೆ.

ಶಿವಗಂಗಮ್ಮ

ಜಗಳೂರು
8 ಸೆಪ್ಟೆಂಬರ್ 1986

ಚಿ. ಸೌ. ಶಿವಗಂಗಮ್ಮಳಿಗೆ,

ಬರಬೇಡ ಅಂದೆ. ನಿನ್ನ ಸಿಟ್ಟು ನ್ಯಾಯವಾದದ್ದೇ, ನಾನು ಬರುವುದಿಲ್ಲ.

ನಿನಗೆ ಮೊದಲೇ ಹೇಳಬೇಕಾದ ಒಂದು ಮಾತಿತ್ತು. ಮಾರ್ಚಿನಿಂದ ಆರು ಸಲ ಕಾಗದ ಹಿಡಿದು ಕೂತೆ, ಆರು ಸಲವೂ ಹರಿದೆ. ನಿನಗೆ ಬರೆಯಲಾರದೆ ಕೊನೆಗೆ ಬೇರೆಯವರಿಗೆ ರಿಜಿಸ್ಟರ್ ಟಪಾಲಿನಲ್ಲಿ ಬರೆದು ಹಾಕಿದ್ದೇನೆ. ಇಪ್ಪತ್ತನೇ ತಾರೀಖು ಅದು ಎಲ್ಲರ ಎದುರಿಗೆ ಬರುತ್ತದೆ. ನಿನ್ನ ದಾವಾ ಬೀಳುತ್ತದೆ. ನನ್ನ ಲೈಸೆನ್ಸೂ ಹೋಗಬಹುದು, ಹೋಗಲಿ. ಒಬ್ಬನ ಒಲೆ ಆರಿಸಿ ನನ್ನ ಹೆಸರು ಉಳಿಸಿಕೊಳ್ಳಲಾರೆ.

ಆಮೇಲೆ ನೀನು ನನ್ನ ಜೊತೆ ಮಾತು ಬಿಟ್ಟರೂ ನಾನು ತಪ್ಪು ತಿಳಿಯುವುದಿಲ್ಲ.

ಷಣ್ಮುಖಪ್ಪ

ನ್ಯಾಮತಿ
22 ಸೆಪ್ಟೆಂಬರ್ 1986

ಅಣ್ಣನಿಗೆ ತಂಗಿಯ ನಮಸ್ಕಾರ. ಕೂತುಕೊಂಡು ಓದು, ಉದ್ದ ಇದೆ.

ಹೊನ್ನಾಳಿ ಕೋರ್ಟಿನ ಅಂಗಳದಲ್ಲಿ ನೀನು ಹೇಳಿದಂಥದ್ದೇ ಶಾಮಿಯಾನ. ಮೂರು ಜನ ಕೂತಿದ್ದರು. ಬಿಳಿ ಮೀಸೆಯ ನಿವೃತ್ತ ಜಡ್ಜ್ ಸಾಹೇಬರು, ಒಬ್ಬ ವಕೀಲರು, ಒಬ್ಬ ಹೈಸ್ಕೂಲು ಟೀಚರಮ್ಮ. ಎದುರಿಗೆ ಒಂದೇ ಬೆಂಚು. ಗೌಸ್‌ಪೀರ್ ಸಾಬರು ಮೊದಲೇ ಕೂತಿದ್ದರು, ನಾನು ನಿಂತೇ ಇದ್ದೆ. ಸಾಹೇಬರು, "ಕೂತ್ಕೊಳ್ಳಮ್ಮಾ, ಬೆಂಚೇನು ಕಚ್ಚಲ್ಲ" ಅಂದರು. ಕೂತೆ. ನಡುವೆ ಒಂದು ಮೊಳ ಜಾಗ. ಗೌಸ್‌ಪೀರ್ ಸಾಬರು ಜುಬ್ಬದ ಜೇಬಿನ ಮೇಲೆ ಕೈ ಇಟ್ಟುಕೊಂಡಿದ್ದರು. ಎದೆ ನೋವೇನೋ ಅಂದುಕೊಂಡೆ.

"ಏನಮ್ಮಾ ನಿಮ್ಮದು?" ಅಂದರು ಸಾಹೇಬರು. ನಮ್ಮ ವಕೀಲರು ಎದ್ದು ನಿಲ್ಲುವುದರೊಳಗೆ ನಾನೇ ಹೇಳಿಬಿಟ್ಟೆ:

"ತಡೆ ತೆಗೀರಿ ಸ್ವಾಮಿ. ಓಣಿ ಓಣಿಯಾಗೇ ಇರ್ಲಿ. ಅವರ ಗಾಡಿ ಬರ್ಲಿ."

ವಕೀಲರು ನನ್ನ ಮುಖವನ್ನೇ ನೋಡಿದರು. ಸಾಹೇಬರು ಕಾಗದ ತಿರುವಿ, "ಕ್ರಯಪತ್ರದಲ್ಲಿ ನಿಮ್ಮ ಸ್ವಂತ ಜಾಗ ಅಂತ ಐತಲ್ಲಮ್ಮಾ? ಯಾರಾದ್ರೂ ಹೆದರಿಸಿದ್ರಾ?" ಅಂದರು.

"ನನ್ನ ಹೆದರ್ಸೋರು ಈ ತಾಲ್ಲೂಕಿನಾಗೆ ಹುಟ್ಟಿಲ್ಲ ಸ್ವಾಮಿ. ಕಾಗದದಾಗೆ ಐತೆ, ನಿಜ. ಆದ್ರೆ ಐವತ್ತು ವರ್ಷದಿಂದ ಗಾಡಿ ಹೊಡೆದ ಜಾಡೂ ಐತಲ್ಲ. ನಾನು ಮನಸಾರೆ ಬಿಡ್ತೀನಿ, ಕಾಗದದ ಮಾತು ಎತ್ತಬ್ಯಾಡ್ರಿ" ಅಂದೆ.

ಟೀಚರಮ್ಮ ನಕ್ಕರು. ಸಾಹೇಬರು ಗೌಸ್‌ಪೀರ್ ಸಾಬರ ಕಡೆ ತಿರುಗಿ, "ನಿಮ್ಮ ಹತ್ರ ಏನಾದ್ರೂ ದಾಖಲೆ ಐತಾ?" ಅಂದರು. ಜೇಬಿನ ಮೇಲಿದ್ದ ಕೈ ಒಂದು ಗಳಿಗೆ ಅಲ್ಲೇ ನಿಂತಿತು. ಆಮೇಲೆ ಕೈ ಕೆಳಗಿಳಿಸಿ, "ಏನೂ ಇಲ್ಲ ಸಾಹೇಬ್ರೆ. ಅಮ್ಮಾರು ಕೊಟ್ರು ಅಂತಾನೇ ಬರಕೊಳ್ರಿ" ಅಂದರು. ತಾವಾಗಿಯೇ ಇನ್ನೊಂದು ಮಾತು ಸೇರಿಸಿದರು, "ಗಿರಣಿಗೆ ಎಮ್ಮೆ ಕಟ್ಟೋ ಕಡೆ ಕಟ್ಟಡ ಕಟ್ಟಲಿ. ಇಟ್ಟಿಗೆ, ಮರಳು ನಮ್ಮ ಗಾಡೀಲೇ ತಂದು ಹಾಕ್ತೀವಿ." ರಾಜಿ ಬರೆದರು, ನಾನು ಸಹಿ ಹಾಕಿದೆ, ಅವರೂ ಹಾಕಿದರು. ಹತ್ತು ತಿಂಗಳಲ್ಲಿ ಆಗದ್ದು ಮುಕ್ಕಾಲು ಗಂಟೆಯಲ್ಲಿ ಮುಗಿಯಿತು. ಇದರ ಮೇಲೆ ಅಪೀಲೂ ಇಲ್ಲವಂತೆ. ಬಸ್ಸಿನಲ್ಲಿ ಅಕ್ಕಪಕ್ಕದ ಸೀಟಿನಲ್ಲೇ ಬಂದೆವು. ಕಂಡಕ್ಟರ್, "ಏನ್ರೀ, ಇವತ್ತು ಕಿಟಕಿ ನೋಡಲ್ವಾ?" ಅಂದ.

ಈಗ ನನ್ನ ಕಥೆ ಕೇಳು. ಜುಲೈಯಲ್ಲಿ ನಿನಗೆ ಬೈದು ಬರೆದೆನಲ್ಲ, ಅದನ್ನು ಪೋಸ್ಟ್ ಡಬ್ಬಕ್ಕೆ ಹಾಕಿ ಬಂದ ಮೇಲೂ ಒಂದು ಮಾತು ತಲೆಯಲ್ಲಿ ಕೊರೆಯುತ್ತಿತ್ತು. ಬಾಗಿಲು ಯಾವ ದಿಕ್ಕಿಗೆ ಅಂತ ಕೇಳಿದವನು, ಪಡುವಣಕ್ಕೆ ಅಂದ ಕೂಡಲೇ ಮೂರು ತಿಂಗಳು ಯಾಕೆ ಸುಮ್ಮನಾದ? ಒಂದು ದಿನ ಕ್ರಯಪತ್ರ ಹಿಡಿದುಕೊಂಡು, ನೀನು ಜಂಪಣ್ಣನವರಿಗೆ ಹೇಳಿಕೊಟ್ಟ ಹಾಗೆ ಹೊಸ್ತಿಲ ಮೇಲೆ ಬೀದಿ ಕಡೆ ಮುಖ ಮಾಡಿ ನಿಂತೆ. ಎರಡೂ ಕೈ ಚಾಚಿದೆ. ಬಲಗೈಗೆ ಗೌಸ್‌ಪೀರ್ ಸಾಬರ ಓಣಿ. ಎಡಗೈಗೆ ನಮ್ಮ ಎಮ್ಮೆ. ಜಂಪಣ್ಣನವರು ಸರಿಯಾಗೇ ಹೇಳಿದ್ದರು. ನೀನು ನಮ್ಮ ತವರಿನ ಹಾಗೆ ಇದೂ ಮೂಡಲ ಬಾಗಿಲು ಅಂದುಕೊಂಡು, ಉತ್ತರ ದಕ್ಷಿಣ ಅದಲುಬದಲು ಬರೆದಿದ್ದೆ. ಎರಡೂ ಕಡೆ ಬೀದಿ ಇದ್ದದ್ದರಿಂದ ಇಷ್ಟು ದಿನ ಯಾರಿಗೂ ಗೊತ್ತಾಗಲಿಲ್ಲ.

ಕ್ರಯಪತ್ರ ಮಡಚಿ ಸೆರಗಿನಲ್ಲಿ ಮುಚ್ಚಿಕೊಂಡೆ. ಒಳಗಿಂದ ನಮ್ಮ ಮನೆಯವರು, "ಏನಾತೆ?" ಅಂದರು. ಏನೂ ಇಲ್ಲ, ಎಮ್ಮೆ ನೋಡ್ತಿದ್ದೆ ಅಂದೆ. ನಿನಗೆ ಬರೆಯಲಿಲ್ಲ. ಕೋರ್ಟಿನಲ್ಲಿ ನಡೆದರೆ ನಿನ್ನನ್ನು ಕಟಕಟೆಗೆ ಹತ್ತಿಸುತ್ತಾರೆ. ಹೊನ್ನಾಳಿ ತುಂಬ ನಿನ್ನನ್ನು ಬಲ್ಲವರೇ. ಎಲ್ಲರೆದುರು, "ದಿಕ್ಕು ಗೊತ್ತಿಲ್ಲದೋನು ಪತ್ರ ಬರದ" ಅನ್ನಿಸುವುದು ನನಗೆ ಬೇಡವಾಗಿತ್ತು. ಅದಕ್ಕೇ ಬರಬೇಡ ಅಂದೆ. ನೀನು ನನಗೆ ಸಿಟ್ಟು ಅಂದುಕೊಂಡೆ. ನಿನ್ನ ಕಾಗದ ಬಂದ ಮೇಲೂ, ಆ ಬೇರೆಯವರು ಯಾರು ಅಂತ ನನಗೆ ಹೊಳೆಯಲೇ ಇಲ್ಲ. ಕೋರ್ಟಿನ ಸಾಹೇಬರಿಗೇ ಬರೆದಿರಬೇಕು, ಅವರು ಎತ್ತಿ ಓದುವ ಮೊದಲು ನಾನೇ ಬಿಟ್ಟುಬಿಡೋಣ ಅಂತಲೇ ವಕೀಲರಿಗಿಂತ ಮುಂಚೆ ಬಾಯಿ ಹಾಕಿದ್ದು.

ಆ ಸಂಜೆ ಸೈದಾಬೀ ಬಂದಳು. ಗೋಡೆ ಮೇಲಿಂದಲ್ಲ, ಬಾಗಿಲಿಗೇ. "ಗಂಗಕ್ಕಾ, ನನ್ನ ಪಾತ್ರೆ ಕೊಡು, ನಾಡಿದ್ದು ಬೆಳಿಗ್ಗೆ ಭಟ್ಟಿ ಹಚ್ತಾರೆ" ಅಂದಳು. ಮಜ್ಜಿಗೆ ತುಂಬಿ ಕೊಟ್ಟೆ. ಇಬ್ಬರಿಗೂ ಅಳು ಬಂತು, ನಾಚಿಕೆ ಏನು? ಆಮೇಲೆ ಸೆರಗಿನಿಂದ ಒಂದು ಲಕೋಟೆ ತೆಗೆದು ನನ್ನ ಕೈಗೆ ಇಟ್ಟಳು. ರಿಜಿಸ್ಟರ್ ಲಕೋಟೆ. ನಿನ್ನ ಮುತ್ತಿನಂಥ ಅಕ್ಷರ.

"ನಿಮ್ಮಣ್ಣಾರು ನಮ್ಮೋರಿಗೆ ಬರದಿದ್ರು. ತಪ್ಪು ನಂದು, ಇದನ್ನ ಕೋರ್ಟಿಗೆ ತೋರ್ಸಿ ನಿಮ್ಮ ಓಣಿ ಉಳಿಸ್ಕೊಳ್ರಿ ಅಂತ. ಒಂದು ವಾರ ಜೇಬಲ್ಲೇ ಇಟ್ಕಂಡು ತಿರಿಗಿದ್ರು ಕಣಕ್ಕಾ. ಇವತ್ತು ಬಂದು ಏನಂದ್ರು ಗೊತ್ತಾ? 'ಗೆಲ್ಲಾಕೆ ಹೋಗಿದ್ರೆ ಕಾಗದ ಬೇಕಾಗ್ತಿತ್ತು. ಆ ಅಮ್ಮ ತಾನೇ ಬಿಡ್ತೀನಿ ಅಂತು. ಆಮೇಲೆ ಅವರಣ್ಣನ ಮರ್ಯಾದೆ ಬಿಚ್ಚಿ ಹರವಾಕೆ ನಾನ್ಯಾಕೆ ಹೋಗಲಿ?' ಅಂದ್ರು."

ನೋಡಿದೆಯಾ ಅಣ್ಣಾ? ಆ ಕಾಗದ ಎತ್ತಿ ತೋರಿಸಿದ್ದರೆ ನನ್ನ ದಾವಾ ಖರ್ಚು ಸಮೇತ ವಜಾ ಆಗುತ್ತಿತ್ತು, ಊರೆಲ್ಲ ನಗುತ್ತಿತ್ತು. ಹತ್ತು ತಿಂಗಳು ಯಾರ ಒಲೆ ಆರಿಸಿದೆನೋ, ಅವರೇ ನಿನ್ನ ಹೆಸರನ್ನು ಜೇಬಿನಲ್ಲಿ ಕಾಪಾಡಿಕೊಂಡು ಬಂದರು. ನಾನು ದೊಡ್ಡ ಉಪಕಾರ ಮಾಡಿದವಳ ಹಾಗೆ ಬಸ್ಸಿನಲ್ಲಿ ಬೀಗಿಕೊಂಡು ಕೂತಿದ್ದೆ. ನೆನೆಸಿಕೊಂಡರೆ ಮುಖ ಬಿಸಿಯಾಗುತ್ತದೆ.

ನಿನ್ನ ಕಾಗದ ಇದರ ಜೊತೆ ತಿರುಗಿ ಕಳಿಸಿದ್ದೇನೆ. ಒಲೆಗೆ ಹಾಕು. ನಿನ್ನ ಜೊತೆ ಮಾತು ಬಿಡುತ್ತೇನಾ? ಬಿಟ್ಟರೆ ಬೈಯುವುದು ಯಾರನ್ನ?

ಇವತ್ತು ಬೆಳಿಗ್ಗೆ ನಾಲ್ಕಕ್ಕೆ ಮರಳಿನ ಸದ್ದು ಕೇಳಿಸಿತು. ಮಗ್ಗುಲಾಗಿ ಆರು ಗಂಟೆಯವರೆಗೆ ನಿದ್ದೆ ಮಾಡಿದೆ.

ನಿನ್ನ ತಂಗಿ
ಶಿವಗಂಗಮ್ಮ

ಜಗಳೂರು
1 ಅಕ್ಟೋಬರ್ 1986

ಪ್ರೀತಿಯ ತಂಗಿ ಶಿವಗಂಗಮ್ಮಳಿಗೆ,

ನಿನ್ನ ಕಾಗದವನ್ನು ಬೇವಿನ ಮರದಡಿ ಓದಲು ಹೋಗಿ ಫಜೀತಿಯಾಯಿತು. ಬರೆಸಲು ಬಂದಿದ್ದವರು, "ಯಾಕ್ರೀ ಷಣ್ಮುಖಪ್ಪಾರೆ, ಕಣ್ಣಿಗೆ ಏನಾತು?" ಎಂದರು. ಧೂಳು ಎಂದೆ. ಜಗಳೂರಿನಲ್ಲಿ ಧೂಳಿಗೆ ಬರವೇ?

ಲಕೋಟೆಯನ್ನು ಒಲೆಗೆ ಹಾಕಿಲ್ಲ. ಹಾಕುವುದೂ ಇಲ್ಲ. ರಾಜಿಯಾಯಿತು, ಓಣಿ ಉಳಿಯಿತು, ಆದರೆ ಕ್ರಯಪತ್ರ ಇನ್ನೂ ತಪ್ಪಾಗೇ ಇದೆ. ನಾಳೆ ನೀನಿಲ್ಲದ ಕಾಲಕ್ಕೆ, ಗೌಸ್‌ಪೀರ್ ಸಾಹೇಬರಿಲ್ಲದ ಕಾಲಕ್ಕೆ, ಇನ್ಯಾರೋ ಟ್ರಂಕು ತೆಗೆದು ಮತ್ತೆ ಬೇಲಿ ಹಾಕಬಾರದು. ತಿದ್ದುಪಡಿ ಪತ್ರ ಮಾಡಿಸೋಣ. ಜಂಪಣ್ಣನವರ ಮಗ ಸಹಿ ಹಾಕಲು ಒಪ್ಪಿದ್ದಾನೆ. ಸಾಕ್ಷಿಗೆ ಗೌಸ್‌ಪೀರ್ ಸಾಹೇಬರನ್ನು ನಾನೇ ಕೇಳಿಕೊಳ್ಳುತ್ತೇನೆ. ಮೊದಲ ಸಾಲು ಹೀಗೆ ಬರೆಯುವವನಿದ್ದೇನೆ: 'ಈ ತಪ್ಪು ಬರೆದವನದು, ಬರೆಸಿದವರದಲ್ಲ.' ಹೊನ್ನಾಳಿ ಕಚೇರಿಯಲ್ಲಿ ಎಲ್ಲರೆದುರು ಗಟ್ಟಿಯಾಗಿ ಓದಿಯೇ ಸಹಿ ಹಾಕುತ್ತೇನೆ. ನಗುವವರು ನಗಲಿ. ನೀವಿಬ್ಬರೂ ಕಾಪಾಡಿದ ಹೆಸರು, ಅಷ್ಟಕ್ಕೆಲ್ಲ ಹೋಗುವುದಿಲ್ಲ.

ಮುಂದಿನ ಗುರುವಾರ ಮಧ್ಯಾಹ್ನದ ಬಸ್ಸಿಗೆ ನಾನು, ನಿನ್ನ ಅತ್ತಿಗೆ ಬರುತ್ತೇವೆ. ಮಜೀದಾಳ ಮಗುವಿಗೆ ಅತ್ತಿಗೆ ಒಂದು ಕುಲಾವಿ ಹೆಣೆದಿದ್ದಾಳೆ.

ಜಗಲಿಯ ಗೋಣಿತಟ್ಟು ಬಿಚ್ಚಿಸು. ಕುರ್ಚಿಯನ್ನು ಬೀದಿ ಕಡೆಗೇ ಹಾಕಿಡು, ಈ ಸಲ ತಿರುಗಿಸುವುದಿಲ್ಲ. ಸಂಜೆಯ ಬಿಸಿಲು ನೆಟ್ಟಗೆ ಮುಖಕ್ಕೆ ಬೀಳಲಿ, ಆಮೇಲೆ ಪೆನ್ನಿನ ಟೋಪಿ ತೆಗೆಯುತ್ತೇನೆ.

ನಿನ್ನ ಅಣ್ಣ
ಷಣ್ಮುಖಪ್ಪ